ಗಾಯ ಮಾಗಿದರೂ ಮಾಯದ ನೋವು

ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಜಾರಿ ಬೀಳದವರು ಕಡಿಮೆ. ಪಾಚಿ ಕಟ್ಟಿದ ಅಂಗಳ, ಹಳ್ಳದ ಮೇಲಿನ ಸಂಕ, ಅಡಿಕೆ ತೋಟದ ಬಸಿಗಾಲುವೆ - ಎಲ್ಲಿ ಬಿದ್ದರೂ ನಾವು ಮೊದಲು ಅಂಗೈಯನ್ನು ನೆಲಕ್ಕೆ ಊರುತ್ತೇವೆ. ದೇಹದ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದು ಮುಂದೋಳಿನ ರೇಡಿಯಸ್ ಮೂಳೆಯ ತುದಿ ಮುರಿಯಬಹುದು. ಪ್ಲಾಸ್ಟರ್ ಹಾಕುತ್ತಾರೆ, ಕೆಲವು ವಾರಗಳಲ್ಲಿ ಮೂಳೆ ಕೂಡಿಕೊಳ್ಳುತ್ತದೆ. ಹೆಚ್ಚಿನವರ ಕಥೆ ಇಲ್ಲಿಗೆ ಮುಗಿಯುತ್ತದೆ.

ಆದರೆ ಕೆಲವರಲ್ಲಿ ಎಕ್ಸ್-ರೇ ಚಿತ್ರದಲ್ಲಿ ಮೂಳೆ ಕೂಡಿದ್ದರೂ ನೋವು ಏರುತ್ತಲೇ ಹೋಗುತ್ತದೆ. ಕೈ ಉರಿಯುತ್ತದೆ, ಊದುತ್ತದೆ. ಸೀರೆಯ ಸೆರಗು ತಾಗಿದರೂ, ಫ್ಯಾನಿನ ಗಾಳಿ ಬೀಸಿದರೂ ಸಹಿಸಲಾಗದು. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವುದಂತೂ ದೂರದ ಮಾತು. 'ಮೂಳೆ ಸರಿಯಾಗಿದೆಯಲ್ಲ, ಇನ್ನೇನು ನೋವು?' ಎಂದು ಮನೆಯವರು ಕೇಳುತ್ತಾರೆ. ಇದು ಸೋಗು ಅಲ್ಲ, ಮನಸ್ಸಿನ ಭ್ರಮೆಯೂ ಅಲ್ಲ. ಇದಕ್ಕೆ 'ಸಂಕೀರ್ಣ ಪ್ರಾದೇಶಿಕ ನೋವಿನ ಲಕ್ಷಣಕೂಟ', ಚಿಕ್ಕದಾಗಿ ಸಿ.ಆರ್.ಪಿ.ಎಸ್. ಎಂದು ಹೆಸರು. ಮುರಿತವಷ್ಟೇ ಅಲ್ಲ, ಉಳುಕು, ಶಸ್ತ್ರಚಿಕಿತ್ಸೆ, ಕೆಲವೊಮ್ಮೆ ತೀರಾ ಸಣ್ಣ ಪೆಟ್ಟಿನ ನಂತರವೂ ಇದು ಕಾಣಿಸಿಕೊಳ್ಳುವುದುಂಟು.

ಹಳೆಯ ಕಾಯಿಲೆ, ಹೊಸ ಹೆಸರು

ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರನ್ನು ಪರೀಕ್ಷಿಸಿದ ವೈದ್ಯ ವೀರ್ ಮಿಚೆಲ್, ಗಾಯ ಮಾಗಿದ ಮೇಲೂ ಉಳಿಯುವ ಈ ಉರಿನೋವನ್ನು 1864ರಲ್ಲಿ ವಿವರಿಸಿದರು. ಉರಿ ತಾಳಲಾರದೆ ಸೈನಿಕರು ಕೈಗೆ ಸದಾ ಒದ್ದೆ ಬಟ್ಟೆ ಸುತ್ತಿಕೊಂಡಿರುತ್ತಿದ್ದರಂತೆ. 1900ರಲ್ಲಿ ಜರ್ಮನಿಯ ಪಾಲ್ ಸುಡೆಕ್ ಇಂಥ ಅಂಗಗಳಲ್ಲಿ ಮೂಳೆ ಸವೆಯುವುದನ್ನು ಎಕ್ಸ್-ರೇ ಮೂಲಕ ತೋರಿಸಿದರು. ಈಗಿನ ಹೆಸರು ಬಳಕೆಗೆ ಬಂದದ್ದು 1994ರಲ್ಲಿ.

ಒಳಗೆ ಏನಾಗುತ್ತದೆ?

ಪೆಟ್ಟಾದ ಕಡೆ ನೋವು, ಬಾವು ಬರುವುದು ಸಹಜ. ಅದು ದೇಹದ ರಕ್ಷಣಾ ಕ್ರಮ. ಸಿ.ಆರ್.ಪಿ.ಎಸ್.ನಲ್ಲಿ ಈ ಕ್ರಮ ಕೆಲಸ ಮುಗಿದ ಮೇಲೂ ನಿಲ್ಲುವುದಿಲ್ಲ. ನರಗಳ ತುದಿಗಳು ಸ್ರವಿಸುವ ರಾಸಾಯನಿಕಗಳಿಂದ ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪಾಗುತ್ತದೆ, ಬಿಸಿಯಾಗುತ್ತದೆ. ರಕ್ತನಾಳ ಮತ್ತು ಬೆವರುಗ್ರಂಥಿಗಳನ್ನು ನಿಯಂತ್ರಿಸುವ ಅನೈಚ್ಛಿಕ ನರಗಳ ಹದ ತಪ್ಪುತ್ತದೆ. ಬೆನ್ನುಹುರಿಯ ನರಕೋಶಗಳು ಅತಿ ಸೂಕ್ಷ್ಮವಾಗಿ, ಮೆಲುಸ್ಪರ್ಶವನ್ನೂ ನೋವೆಂದು ಮಿದುಳಿಗೆ ವರದಿ ಮಾಡುತ್ತವೆ.

ನೋವೆಂದು ಕೈಯನ್ನು ಅಲುಗಿಸದೆ ಇಟ್ಟರೆ ಕೀಲು ಬಿಗಿಯುತ್ತದೆ, ಸ್ನಾಯು ಸೊರಗುತ್ತದೆ, ನೋವು ಇನ್ನಷ್ಟು ಹೆಚ್ಚುತ್ತದೆ. ಈ ವಿಷವೃತ್ತವನ್ನು ಮುರಿಯುವುದೇ ಚಿಕಿತ್ಸೆಯ ಸಾರ.

ಗುರುತಿಸುವುದು ಹೇಗೆ?

ಇದನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. 2003ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ್ದ ತಜ್ಞರು ರೂಪಿಸಿದ ಮಾನದಂಡವನ್ನು ವೈದ್ಯರು ಬಳಸುತ್ತಾರೆ. ಪೆಟ್ಟಿಗೆ ಮೀರಿದ, ಬಿಡದ ನೋವಿನ ಜೊತೆಗೆ ನಾಲ್ಕು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ:

1. ಸಂವೇದನೆ: ಮೆಲುಸ್ಪರ್ಶವೂ ನೋವಾಗುವುದು.
2. ರಕ್ತಸಂಚಾರ: ಎರಡು ಕೈಗಳ ಬಣ್ಣ ಅಥವಾ ಉಷ್ಣತೆಯಲ್ಲಿ ವ್ಯತ್ಯಾಸ.
3. ಬಾವು ಮತ್ತು ಬೆವರು: ಒಂದು ಕೈ ಮಾತ್ರ ಊದುವುದು, ಹೆಚ್ಚು ಬೆವರುವುದು.
4. ಚಲನೆ ಮತ್ತು ಬೆಳವಣಿಗೆ: ಬಿಗಿತ, ನಡುಕ, ಉಗುರು ಅಥವಾ ಕೂದಲಿನಲ್ಲಿ ಬದಲಾವಣೆ.

ರೋಗಿ ಹೇಳುವ ತೊಂದರೆಗಳು ಇವುಗಳಲ್ಲಿ ಕನಿಷ್ಠ ಮೂರು ಗುಂಪಿಗೆ ಸೇರಿರಬೇಕು; ಪರೀಕ್ಷೆಯಲ್ಲಿ ಕನಿಷ್ಠ ಎರಡು ಗುಂಪಿನ ಚಿಹ್ನೆಗಳು ಕಾಣಬೇಕು; ಬೇರೆ ಕಾಯಿಲೆ ಇದಕ್ಕೆ ಕಾರಣವಾಗಿರಬಾರದು. ಸೋಂಕು, ರಕ್ತ ಹೆಪ್ಪುಗಟ್ಟುವಿಕೆಗಳೂ ಇದೇ ರೀತಿ ಕಾಣಬಹುದು. ಆದ್ದರಿಂದ ಇದೇ ಕಾಯಿಲೆ ಎಂದು ನೀವೇ ತೀರ್ಮಾನಿಸಬೇಡಿ.

ಒಂದು ಎಚ್ಚರಿಕೆ: ಪ್ಲಾಸ್ಟರ್ ಅಥವಾ ಕಟ್ಟು ಹಾಕಿದ ಮೇಲೆ ನೋವು ಬಿಗಡಾಯಿಸಿ, ಬೆರಳು ಜೋಮು ಹಿಡಿದರೆ, ನೀಲಿಯಾದರೆ ಅಥವಾ ತಣ್ಣಗಾದರೆ ಅದು ತುರ್ತುಸ್ಥಿತಿ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.

ಚಿಕಿತ್ಸೆ

ಮುಖ್ಯ ಔಷಧ ಚಲನೆ. ವೈದ್ಯರು ಅನುಮತಿಸಿದ ಕೂಡಲೇ ಬೆರಳುಗಳನ್ನು ದಿನಕ್ಕೆ ಹಲವು ಬಾರಿ, ಸ್ವಲ್ಪ ಸ್ವಲ್ಪವೇ ಆಡಿಸಬೇಕು. ಹತ್ತಿ, ಮೆತ್ತನೆಯ ಬಟ್ಟೆ, ಆಮೇಲೆ ಒರಟು ಬಟ್ಟೆ - ಹೀಗೆ ಹಂತಹಂತವಾಗಿ ಚರ್ಮಕ್ಕೆ ಸ್ಪರ್ಶವನ್ನು ರೂಢಿ ಮಾಡಿಸಬೇಕು. ಬಲವಂತವಾಗಿ ಎಳೆಯುವುದು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕುವುದು ತೊಂದರೆಯನ್ನು ಹೆಚ್ಚಿಸಬಹುದು.

ಕನ್ನಡಿ ಚಿಕಿತ್ಸೆಯೂ ಉಂಟು. ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ, ಕತ್ತರಿಸಿ ಹೋದ ಕೈಯಲ್ಲಿ ಕಾಣುವ ನೋವಿಗಾಗಿ ಇದನ್ನು ಬಳಸಿದರು. ತರಗತಿಯಲ್ಲಿ ನೀವೂ ಇದರ ತತ್ತ್ವವನ್ನು ತೋರಿಸಬಹುದು. ಎರಡು ಕೈಗಳ ನಡುವೆ ಕನ್ನಡಿ ನಿಲ್ಲಿಸಿ, ಎಡಗೈಯನ್ನು ಅದರ ಹಿಂದೆ ಮರೆಮಾಡಿ, ಬಲಗೈಯ ಬಿಂಬವನ್ನೇ ನೋಡುತ್ತ ಬೆರಳಾಡಿಸಿ. ಮರೆಯಲ್ಲಿರುವ ಕೈಯೇ ಆಡಿದಂತೆ ಅನ್ನಿಸುತ್ತದೆ! ನೋವಿಲ್ಲದೆ ಕೈ ಆಡಬಲ್ಲದು ಎಂದು ಮಿದುಳಿಗೆ ಮತ್ತೆ ಕಲಿಸುವ ಪ್ರಯತ್ನವಿದು.

ವ್ಯಾಯಾಮಕ್ಕೆ ಅನುಕೂಲವಾಗಲೆಂದು ವೈದ್ಯರು ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥ ಔಷಧಗಳನ್ನು ಕೊಡಬಹುದು. ಕೆಲವರಿಗೆ ಆರಂಭದಲ್ಲಿ ಸ್ಟಿರಾಯ್ಡ್ ಅಥವಾ ಮೂಳೆಸವೆತ ತಡೆಯುವ ಔಷಧ ಬೇಕಾಗುತ್ತದೆ. ಇವನ್ನು ಅಂಗಡಿಯಿಂದ ತಾವಾಗಿ ಕೊಂಡು ನುಂಗುವಂತಿಲ್ಲ. ಮೂಳೆ ತಜ್ಞರು, ಫಿಸಿಯೋಥೆರಪಿ ಎರಡೂ ಒಂದೆಡೆ ಬೇಕಾದಾಗ ಈ ಭಾಗದವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿದೆ. ಆಗುಂಬೆ ಘಾಟಿ ಇಳಿದರೆ ಮಣಿಪಾಲವಿದೆ. ಆದರೆ ದಿನದ ವ್ಯಾಯಾಮ ನಡೆಯಬೇಕಾದದ್ದು ಮನೆಯಲ್ಲೇ.

ಶಿಕ್ಷಕರಿಗೊಂದು ಮಾತು

ಮಕ್ಕಳಿಗೂ ಇದು ಬರುತ್ತದೆ. ಹುಡುಗಿಯರಲ್ಲಿ, ಅದರಲ್ಲೂ ಕಾಲಿನಲ್ಲಿ ಹೆಚ್ಚು. ಪಾದ ಉಳುಕಿ ತಿಂಗಳು ಕಳೆದರೂ ವಿದ್ಯಾರ್ಥಿನಿ ಕಾಲುಚೀಲ ಹಾಕಲು ಒಪ್ಪದಿದ್ದರೆ, ಆಟದ ಪೀರಿಯಡ್ ತಪ್ಪಿಸಲು ನೆಪ ಹೂಡುತ್ತಿದ್ದಾಳೆ ಎಂದುಕೊಳ್ಳುವ ಮೊದಲು ಎರಡೂ ಪಾದಗಳನ್ನು ಹೋಲಿಸಿ ನೋಡಿ. ಬಣ್ಣ, ಬಿಸಿ, ಬಾವುಗಳಲ್ಲಿ ವ್ಯತ್ಯಾಸ ಕಂಡರೆ ಪೋಷಕರಿಗೆ ತಿಳಿಸಿ. ಬೇಗ ಗುರುತಿಸಿ ವ್ಯಾಯಾಮ ಆರಂಭಿಸಿದರೆ ಮಕ್ಕಳಲ್ಲಿ ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. ಅದಕ್ಕೆ ಮೊದಲು ಬೇಕಾದದ್ದು, ನೋವಿದೆ ಎಂದವರ ಮಾತನ್ನು ನಂಬುವ ಒಬ್ಬರು.