ಮೊದಲು ಸಾಯುವುದು ಮೆತ್ತೆ

ಮಂಗಳೂರಿನ ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಹೆಡ್‌ಫೋನ್ ಕಳಚಿಟ್ಟು ಅಡುಗೆಮನೆಗೆ ಹೋದರೆ ಅಮ್ಮ ನನ್ನ ಮುಖವನ್ನೇ ನೋಡಿ, "ಕೆನ್ನೆಗೆಲ್ಲ ಎಂತದು ಮಸಿ?" ಅಂದರು. ಕನ್ನಡಿ ನೋಡಿಕೊಂಡೆ. ಕಿವಿಯ ಸುತ್ತ, ಗಡ್ಡದ ಮೇಲೆ, ಸಾಸಿವೆ ಕಾಳಿನಷ್ಟು ಕಪ್ಪು ಚೂರುಗಳು. ಹೆಡ್‌ಫೋನಿನ ಮೆತ್ತೆ ಸುಲಿದುಹೋಗಿತ್ತು. ನಾನು ಅದನ್ನು ಬಳಸಿ ಸವೆಸಿದ್ದೇನೂ ಅಲ್ಲ. ಎರಡು ವರ್ಷ ಕಪಾಟಿನಲ್ಲೇ ಬಿದ್ದಿತ್ತು.

ಸವೆಸಿದ್ದು ಗಾಳಿಯಲ್ಲಿದ್ದ ನೀರು. ಮೆತ್ತೆಯ ಮೇಲಿನದು ಚರ್ಮವಲ್ಲ, ಬಟ್ಟೆಯ ಮೇಲೆ ಬಳಿದ ತೆಳುವಾದ ಪಾಲಿಯುರೆಥೇನ್ ಪದರ. ಅಂಗಡಿಯವರು ಲೆದರ್ ಅನ್ನುತ್ತಾರೆ, ನಾವು ರೆಕ್ಸಿನ್ ಅಂದು ಸುಮ್ಮನಾಗುತ್ತೇವೆ. ಅದರ ಅಣುಗಳು ಉದ್ದುದ್ದ ಸರಪಳಿಗಳು. ಹಲವು ಬಗೆಯ ಪಾಲಿಯುರೆಥೇನ್‌ಗಳಲ್ಲಿ ಈ ಸರಪಳಿಯ ನಡುನಡುವೆ ಎಸ್ಟರ್ ಎಂಬ ಕೊಂಡಿಗಳಿರುತ್ತವೆ. ನೀರಿನ ಅಣು ಈ ಕೊಂಡಿಯನ್ನು ಕತ್ತರಿಸಬಲ್ಲದು. ರಸಾಯನಶಾಸ್ತ್ರ ಇದನ್ನು ಜಲವಿಶ್ಲೇಷಣೆ ಎನ್ನುತ್ತದೆ. ಒಂದು ಕೊಂಡಿ ಕಳಚಿದಾಗ ಅಲ್ಲೇ ಒಂದಿಷ್ಟು ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿ ಬೇಗ ಕಳಚುವಂತೆ ಮಾಡುತ್ತದೆ. ಮದುವೆಗೆಂದು ಕೊಂಡು ಡಬ್ಬಿಯಲ್ಲೇ ಜೋಪಾನ ಮಾಡಿದ ಶೂ ನಾಲ್ಕಾರು ವರ್ಷಗಳ ನಂತರ ಹಾಕಿದ ದಿನವೇ ಅಟ್ಟೆ ಪುಡಿಪುಡಿಯಾಗುವುದೂ ಎಷ್ಟೋ ಸಲ ಇದರಿಂದಲೇ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಕರಾವಳಿಯ ಸೆಕೆ ಸೇರಿದರೆ ಕೇಳುವುದೇ ಬೇಡ.

ಮೆತ್ತೆ ಹೋದರೆ ಹೋಗಲಿ, ಹಾಡು ಕೇಳುತ್ತದಲ್ಲ ಎನ್ನುವಂತಿಲ್ಲ. ಮುಚ್ಚಿದ ಬೆನ್ನಿನ, ಅಂದರೆ ಕಿವಿ ಮುಚ್ಚುವ ಕಪ್ಪಿನ ಹೊರಬದಿ ಮುಚ್ಚಿರುವ, ಹೆಡ್‌ಫೋನಿನಲ್ಲಿ ಮೆತ್ತೆಯೂ ಸದ್ದು ಮಾಡುವ ಯಂತ್ರದ ಒಂದು ಭಾಗ. ಸೈಕಲ್ ಪಂಪಿನ ಬಾಯಿಗೆ ಬೆರಳೊತ್ತಿ ಹಿಡಿದರೆ ಒಳಗಿನ ಗಾಳಿ ಎದುರು ಒತ್ತುತ್ತದೆ. ಬೆರಳು ಚೂರು ಸಡಿಲಿಸಿ ನಿಧಾನ ಒತ್ತಿದರೆ ಗಾಳಿ ಪುಸ್ಸೆಂದು ಹೊರಗೆ. ಕಪ್ಪಿನೊಳಗಿನ ಡ್ರೈವರ್, ಅಂದರೆ ಅದುರುವ ತೆಳು ಹಾಳೆ, ಕಿವಿಯ ಮುಂದೆ ಸಿಕ್ಕಿಬಿದ್ದ ಗಾಳಿಯನ್ನು ಹೀಗೆಯೇ ಒತ್ತುತ್ತದೆ. ಮಂದ್ರ ಸ್ವರದಲ್ಲಿ ಹಾಳೆ ಸೆಕೆಂಡಿಗೆ ಐವತ್ತೋ ನೂರೋ ಸಲ ಮಾತ್ರ ಅದುರುವುದರಿಂದ ಸಂದಿಯಿದ್ದರೆ ಗಾಳಿಗೆ ನುಸುಳಿಕೊಳ್ಳಲು ಪುರುಸೊತ್ತು ಸಿಗುತ್ತದೆ. ತಾರದಲ್ಲಿ ಸಾವಿರಾರು ಸಲ. ನುಸುಳುವಷ್ಟರಲ್ಲಿ ಮುಂದಿನ ಅಲೆ ಬಂದಿರುತ್ತದೆ. ಹಾಗಾಗಿ ಸೋರುವ ಮೆತ್ತೆ ಮೊದಲು ನುಂಗುವುದು ಮಂದ್ರವನ್ನು.

ನಂಬಿಕೆ ಬಾರದಿದ್ದರೆ ತಬಲಾ ಹಾಕಿಕೊಂಡು ಕೇಳಿ. ಮೆತ್ತೆಗೂ ಕೆನ್ನೆಗೂ ನಡುವೆ ಒಂದು ಪೆನ್ಸಿಲ್ ತೂರಿಸಿ. ಎಡಗೈಯ ಡಗ್ಗಾದ ಗುಮ್ಮೆನ್ನುವ ನಾದ ಕೂಡಲೇ ಬಡಕಲಾಗುತ್ತದೆ, ಬಲಗೈಯ ದಾಯಾಂ ಮಾತ್ರ ಟಿಣ್ ಟಿಣ್ ಎನ್ನುತ್ತಿರುತ್ತದೆ. ಕನ್ನಡಕದ ಕಡ್ಡಿಯೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡುತ್ತದೆ. ನಾನು ಕನ್ನಡಕದವನು, ಕೊಳ್ಳುವ ಮುನ್ನ ಕನ್ನಡಕ ಹಾಕಿಕೊಂಡೇ ಹತ್ತು ನಿಮಿಷ ಕೇಳುತ್ತೇನೆ.

ಕೊಳ್ಳುವಾಗ ನಾನು ನೋಡುವ ಇನ್ನೊಂದು ಸಂಗತಿ, ಇದನ್ನು ಬಿಚ್ಚಬಹುದೇ ಎನ್ನುವುದು. ಸೋನಿಯ ಎಂಡಿಆರ್-7506 ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಕಪ್ಪಿನ ಮೇಲೆ ನೀಲಿ ಪಟ್ಟಿಯಿರುವ ಅದು ಇವತ್ತಿಗೂ ರೆಕಾರ್ಡಿಂಗ್ ಕೋಣೆಗಳಲ್ಲಿ ಕಾಣಸಿಗುತ್ತದೆ. ಹಾಡುವವರ ಕಿವಿಯ ತಾಳದ ಸದ್ದು ಮೈಕಿಗೆ ಸೋರಬಾರದು, ಅದಕ್ಕೇ ಅಲ್ಲಿ ಮುಚ್ಚಿದ ಬೆನ್ನು. ಇದರ ಸುರುಳಿ ಕೇಬಲ್ ಕಳಚಲು ಬರುವುದಿಲ್ಲ, ಅದು ನನ್ನ ತಕರಾರು. ಆದರೆ ಮೆತ್ತೆ ಸುಲಭವಾಗಿ ಬದಲಿಸಬಹುದು, ಬೇರೆ ಬೇರೆಯವರು ಮಾಡಿದ ಮೆತ್ತೆಗಳೂ ಸಿಗುತ್ತವೆ. ಜರ್ಮನಿಯ ಬೈಯರ್‌ಡೈನಮಿಕ್‌ನ ಡಿಟಿ 770 ಪ್ರೊ ಮಾದರಿಯ ಕೆಲವು ಬಗೆಗಳಲ್ಲಿ ಬರುವ ವೆಲೂರ್ ಮೆತ್ತೆ ಮಖಮಲ್ಲಿನ ಹಾಗೆ; ರೆಕ್ಸಿನ್ನಿನಂತೆ ಸುಲಿಯುವುದಿಲ್ಲ, ಸೆಕೆಯೂ ಕಡಿಮೆ. ಆ ಮಾದರಿಯಲ್ಲಿ 32, 80, 250 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಎಂಬ ಬಗೆಗಳಿವೆ. ಮೊಬೈಲಿಗೆ ನೇರ ಸಿಕ್ಕಿಸುವವರು 250ಕ್ಕೆ ಕೈ ಹಾಕದಿರುವುದು ಒಳ್ಳೆಯದು, ಸದ್ದು ಸಾಲುವುದಿಲ್ಲ. ವೈರಿಲ್ಲದವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಳಗಿನ ಲಿಥಿಯಂ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೊರಗುತ್ತದೆ, ಎಷ್ಟೋ ಮಾದರಿಗಳಲ್ಲಿ ಅದನ್ನು ಬದಲಿಸುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಮೆತ್ತೆಯ ನಂತರದ ಸರದಿ ಕೇಬಲ್ಲಿನದು, ಅದರಲ್ಲೂ ಜಾಕಿನ ಬುಡದ್ದು. ಒಳಗಿರುವುದು ಕೂದಲಿನಂಥ ತಾಮ್ರದ ಎಳೆಗಳು. ಒಂದೇ ಜಾಗದಲ್ಲಿ ಮಡಚಿ ಮಡಚಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕೊನೆಗೆ ಬುಡವನ್ನು ಅಲ್ಲಾಡಿಸಿದರೆ ಒಂದು ಕಿವಿಗೆ ಹಾಡು ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕೇಬಲನ್ನು ಕಪ್ಪಿಗೆ ಬಿಗಿಯಾಗಿ ಸುತ್ತಬೇಡಿ, ವೈರ್ ಹಿಡಿದು ಎಳೆಯಬೇಡಿ. ತುಂಡಾದರೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥಲ್ಲಿ ಹೊಸ ಜಾಕ್ ಅಗ್ಗಕ್ಕೆ ಸಿಗುತ್ತದೆ, ಬೆಸುಗೆ ಹಾಕುವವರೂ ಸಿಗುತ್ತಾರೆ.

ಕೇಳಿ ಮುಗಿಸಿದ ಮೇಲೆ ಮೆತ್ತೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿಸಿ ಆಮೇಲೆ ಚೀಲಕ್ಕೆ ಹಾಕಿ. ಸ್ಪಿರಿಟ್ ಬೇಡ, ರೆಕ್ಸಿನ್ ಬೇಗ ಬಿರಿಯುತ್ತದೆ. ಮಳೆಗಾಲದಲ್ಲಿ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದೆರಡಿರಲಿ. ಸದ್ದನ್ನೂ ತಗ್ಗಿಸಿಡಿ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ, ಮತ್ತೆ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ. ಹೊರಗಿನ ಗದ್ದಲವನ್ನು ಒಂದಿಷ್ಟು ತಡೆಯುವುದರಿಂದ ಮುಚ್ಚಿದ ಬೆನ್ನಿನವು ಸದ್ದು ತಗ್ಗಿಸಲು ಅನುಕೂಲ. ಬಸ್ಸಿನ ಇಂಜಿನ್ನಿನ ಗುಂಯ್‌ಗುಡುವಿಕೆ ಮಾತ್ರ ಹೇಗೋ ಒಳಗೆ ಬರುತ್ತದೆ.

ಕೊನೆಗೂ ಹೊಸ ಮೆತ್ತೆ ತರಿಸಿದೆ. ಹಳೆಯದನ್ನು ಎಳೆದು ತೆಗೆದರೆ ಡ್ರೈವರಿನ ಜಾಲರಿಯಲ್ಲಿ ಒಂದು ಕೂದಲು ಸಿಕ್ಕಿತ್ತು. ಎಷ್ಟೋ ದಿನದಿಂದ ಎಡಗಿವಿಯಲ್ಲಿ ಕೇಳುತ್ತಿದ್ದ ಜರ್‌ಜರ್ ಸದ್ದಿಗೆ ಡ್ರೈವರ್ ಕೆಟ್ಟಿದೆ ಎಂದುಕೊಂಡಿದ್ದೆ. ಕೂದಲಿನ ತುದಿ ಅದುರುವ ಹಾಳೆಗೆ ತಾಗುತ್ತಿತ್ತು, ಅಷ್ಟೆ. ಚಿಮಟದಿಂದ ಮೆಲ್ಲಗೆ ಎಳೆದೆ. ಮೆತ್ತೆಯ ಅಂಚನ್ನು ಕಪ್ಪಿನ ಸುತ್ತಲಿನ ಸಂದಿಗೆ ಒಂದು ಕಡೆ ಸಿಕ್ಕಿಸಿ, ದಿಂಬಿಗೆ ಕವರ್ ಹಾಕುವ ಹಾಗೆ ಬೆರಳಲ್ಲಿ ಎಳೆದೆಳೆದು ಸುತ್ತ ಬಂದೆ. ಮೂರು ಸಲ ಜಾರಿತು, ನಾಲ್ಕನೆಯದಕ್ಕೆ ಕೂತಿತು. ತಬಲಾ ಹಾಕಿದೆ. ಡಗ್ಗಾ ವಾಪಸ್ ಬಂದಿತ್ತು.