ಬೆನ್ನ ಮೇಲೆ ರೆಕ್ಕೆ ಹೊತ್ತ ಪ್ಲಿಮತ್

ಅಮೆರಿಕದ ಯಾವುದೋ ಪೆಟ್ರೋಲ್ ಬಂಕಿನಲ್ಲಿ, ಚೂಪು ಮೂತಿಯ, ಹಿಂದೆ ಎತ್ತರದ ರೆಕ್ಕೆ ಹೊತ್ತ ಹಳೇ ಕಾರು ಕಂಡರೆ ದಯವಿಟ್ಟು ಹಾಗೇ ಮುಂದೆ ಹೋಗಬೇಡಿ. ಅದು 1970ರ ಪ್ಲಿಮತ್ ಸೂಪರ್‌ಬರ್ಡ್ ಇರಬಹುದು.

ಇದು ಹುಟ್ಟಿದ್ದೇ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್ ಗೆಲ್ಲೋಕೆ. ಫೋರ್ಡ್ ಕಡೆ ಹೋಗಿದ್ದ ರೇಸ್ ಚಾಲಕ ರಿಚರ್ಡ್ ಪೆಟ್ಟಿ ಅವರನ್ನು ಪ್ಲಿಮತ್‌ಗೆ ವಾಪಸ್ ಕರೆತಂದ ಕಾರು ಇದು. ಆದರೆ ರೇಸಿಗಿಳಿಸೋ ಮಾದರಿಯನ್ನು ಜನರಿಗೂ ಮಾರಲೇಬೇಕು ಅನ್ನೋದು ಆಗಿನ ನಿಯಮ. ಹಾಗಾಗಿ 1,900ಕ್ಕೂ ಹೆಚ್ಚು ಕಾರು ತಯಾರಾದವು. ಶೋರೂಮಿನಲ್ಲಿ ಕೊಳ್ಳೋರೇ ಕಮ್ಮಿ! ಆ ವಿಚಿತ್ರ ರೂಪ ಹೆಚ್ಚಿನವರಿಗೆ ಹಿಡಿಸಲಿಲ್ಲ. ಕೆಲವು ಡೀಲರುಗಳು ಮೂತಿ, ರೆಕ್ಕೆ ಎರಡನ್ನೂ ಕಿತ್ತು ಪ್ಲಿಮತ್‌ನದೇ ಮಾಮೂಲಿ ರೋಡ್ ರನ್ನರ್ ಕಾರು ಮಾಡಿ ಮಾರಿಬಿಟ್ಟರು. ನೆನೆಸಿಕೊಂಡರೆ ಈಗಲೂ ಕರುಳು ಚುರುಕ್ ಅನ್ನುತ್ತೆ.

ಸರಿ, ನಿಮ್ಮೆದುರಿನ ಕಾರು ಅಸಲಿಯೋ ನಕಲಿಯೋ? ಮೊದಲು ಕಾರಿನ ಟಾಪ್ ನೋಡಿ. ಗಾಳಿ ಸರಾಗವಾಗಿ ಜಾರಲಿ ಅಂತ ಹಿಂದಿನ ಗಾಜಿನ ಸುತ್ತ ತಗಡು ಬದಲಿಸಿದ್ದರು. ಆ ಬೆಸುಗೆ ಗುರುತು ಮುಚ್ಚೋಕೆ ಕಂಪನಿಯೇ ಕಪ್ಪು ವಿನೈಲ್ ಹೊದಿಸಿತ್ತು. ಆಮೇಲೆ ಮುಂದಿನ ಗಾಜಿನೊಳಗೆ, ಡ್ಯಾಶ್‌ಬೋರ್ಡಿನ ಎಡ ತುದಿಗೆ ಬಗ್ಗಿ ನೋಡಿ. ಪುಟ್ಟ ಪಟ್ಟಿಯ ಮೇಲೆ ಚಾಸಿಸ್ ನಂಬರ್ ಇರುತ್ತೆ. ಅದು ಆರ್‌ಎಂ23 ಅಂತ ಶುರುವಾಗಬೇಕು. ಮುಂದಿನ ಅಕ್ಷರ ಎಂಜಿನ್ನಿನದು: 'ಯು' ಅಥವಾ 'ವಿ' ಆದರೆ 440 ಘನ ಇಂಚಿನ ಎಂಜಿನ್, 'ಆರ್' ಆದರೆ 426 ಘನ ಇಂಚಿನ ಹೆಮಿ ಎಂಜಿನ್, ಬರೋಬ್ಬರಿ 7 ಲೀಟರ್! ರೋಡ್ ರನ್ನರ್‌ಗೂ ಇದೇ ಆರ್‌ಎಂ23 ಇರೋದರಿಂದ, ಇದೊಂದನ್ನೇ ನಂಬಬೇಡಿ.

ಮಾಲೀಕರು ಪಕ್ಕದಲ್ಲೇ ಇದ್ದರೆ ಒಂದು ಸಲ ಹಾರ್ನ್ ಒತ್ತಿ ಅಂತ ಕೇಳಿ. ಕಾರ್ಟೂನಿನ ರೋಡ್ ರನ್ನರ್ ಹಕ್ಕಿ ಥರಾನೇ 'ಬೀಪ್ ಬೀಪ್' ಅನ್ನುತ್ತೆ!