ಇಂಚಿನ ಲೆಕ್ಕ ಬಿಡಿ, ಲೀಟರಿನ ಲೆಕ್ಕ ಹಿಡಿಯಿರಿ

ನಿಮ್ಮ ಕೊಳವೆ ಬಾವಿಯಲ್ಲಿ ನೀರೆಷ್ಟು ಎಂದು ಯಾರಾದರೂ ಕೇಳಿದರೆ ‘ಎರಡಿಂಚು’, ‘ಒಂದೂವರೆ ಇಂಚು’ ಎಂದು ಹೇಳುತ್ತೀರಿ. ಅದು ಬಾವಿ ಕೊರೆದ ದಿನ ಬೋರ್ ಗಾಡಿಯವರು ಹೇಳಿಹೋದ ಲೆಕ್ಕ. ಅಂದಿನ ನೀರು ಇಂದೂ ಇದೆಯೇ? ಮಳೆಗಾಲ ಮುಗಿದಾಗ ಇದ್ದ ನೀರು ಏಪ್ರಿಲ್‌ನಲ್ಲಿ ಇರುತ್ತದೆಯೇ? ತೋಟಕ್ಕೆ ನಿಜವಾಗಿ ಎಷ್ಟು ಬೇಕು? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿಯದೆ ಗಿಡ ನೆಟ್ಟವರೇ ಬೇಸಿಗೆಯಲ್ಲಿ ಇನ್ನೊಂದು ಬಾವಿ ಕೊರೆಸಲು ಸಾಲಕ್ಕೆ ಓಡುತ್ತಾರೆ.

ನಮ್ಮ ನೆಲದ ಗುಣ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ ಸೇರಿದವು. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 680ರಿಂದ 890 ಮಿ.ಮೀ. ಅರ್ಕಾವತಿಯ ಮೇಲ್ಭಾಗದ ನೀರನ್ನು 1933ರಲ್ಲೇ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯಲು ಒಯ್ಯಲಾಯಿತು. ಕಣ್ವ, ಮಂಚನಬೆಲೆ, ಹಾರೋಬೆಲೆ ಜಲಾಶಯಗಳ ಕೆಳಗಿನ ಕೆಲವರಿಗೆ ನಾಲೆಯ ನೀರುಂಟು. ಮಿಕ್ಕವರಿಗೆ ಕೆರೆ, ಅದೂ ಇಲ್ಲದವರಿಗೆ ಕೊಳವೆ ಬಾವಿಯೇ ಗತಿ.

ಆ ಬಾವಿಯ ಕೆಳಗಿರುವುದು ಬಂಡೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರೂ ಕ್ಲೋಸ್‌ಪೇಟೆ ಗ್ರಾನೈಟ್. ಇಂಥ ಕಲ್ಲು ಮರಳಿನ ಹಾಗೆ ಮೈಯೆಲ್ಲ ನೀರು ಹಿಡಿಯುವುದಿಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಆದ್ದರಿಂದ ಸಾವಿರ ಅಡಿ ಕೊರೆಸಿದವನಿಗೆ ಐನೂರು ಅಡಿ ಕೊರೆಸಿದವನ ಎರಡರಷ್ಟು ನೀರು ಸಿಕ್ಕೀತೆಂಬ ನಂಬಿಕೆ ಬೇಡ.

ಡ್ರಮ್ಮು ಮತ್ತು ಗಡಿಯಾರ

ಮೊದಲ ಕೆಲಸಕ್ಕೆ ಖರ್ಚಿಲ್ಲ. 200 ಲೀಟರಿನ ಡ್ರಮ್ಮೊಂದನ್ನು ಪೈಪಿನ ಬಾಯಿಗೆ ಇಡಿ. ಪಂಪು ಒಂದು ಗಂಟೆ ಓಡಿದ ನಂತರ, ಡ್ರಮ್ಮು ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಎರಡು ನಿಮಿಷ ಹಿಡಿದರೆ ಗಂಟೆಗೆ 6,000 ಲೀಟರ್ ಎಂದರ್ಥ. ಪಂಪು ಹಾಕಿದ ಕೂಡಲೇ ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಮೊದಲು ಬರುವುದು ಬಾವಿಯಲ್ಲಿ ರಾತ್ರಿಯೆಲ್ಲ ನಿಂತ ನೀರು. ತಿಂಗಳಿಗೊಮ್ಮೆ ಅಳೆಯಿರಿ. ಏಪ್ರಿಲ್-ಮೇ ತಿಂಗಳ ಅಳತೆಯೇ ನಿಮ್ಮ ನಿಜವಾದ ನೀರು. ಬೆಳೆಯ ವಿಸ್ತೀರ್ಣವನ್ನು ಅದರ ಮೇಲೆ ನಿರ್ಧರಿಸಬೇಕು.

ಈಗ ಹಿಪ್ಪುನೇರಳೆಯ ಲೆಕ್ಕ ನೋಡೋಣ. ಕಾಲುವೆಯಲ್ಲಿ ಹಾಯಿಸುವಾಗ ಒಂದು ಸಲಕ್ಕೆ ಎಕರೆಗೆ ಒಂದೂವರೆಯಿಂದ ಎರಡು ಇಂಚು ನಿಲ್ಲುವಷ್ಟು ನೀರು ಬೇಕು. ಎರಡು ಇಂಚೆಂದರೆ ಎಕರೆಗೆ ಸುಮಾರು ಎರಡು ಲಕ್ಷ ಲೀಟರ್. ಗಂಟೆಗೆ 6,000 ಲೀಟರ್ ಕೊಡುವ ಬಾವಿಗೆ ಇದು 33 ಗಂಟೆಯ ಕೆಲಸ. ತ್ರೀ ಫೇಸ್ ವಿದ್ಯುತ್ ದಿನಕ್ಕೆ ಏಳು ಗಂಟೆ ತಪ್ಪದೆ ಬಂದರೂ ಒಂದೆಕರೆ ಮುಗಿಯಲು ಐದು ದಿನ, ಎರಡೆಕರೆಗೆ ಹತ್ತು ದಿನ. ಹತ್ತು ದಿನಕ್ಕೆ ಮೊದಲ ಮಡಿ ಮತ್ತೆ ನೀರು ಕೇಳುತ್ತದೆ. ಪಂಪಿಗೆ ಒಂದು ದಿನವೂ ಬಿಡುವಿಲ್ಲ. ಕೆಂಪು ಮರಳು ಮಣ್ಣಿನ ಕಾಲುವೆಯಲ್ಲಿ ದಾರಿಯುದ್ದಕ್ಕೂ ಇಂಗಿಹೋಗುವ ನೀರು ಇದರಲ್ಲಿ ಸೇರಿಲ್ಲ. ಅದನ್ನೂ ಸೇರಿಸಿದರೆ ಕೊನೆಯ ಮಡಿಗೆ ನೀರು ಮುಟ್ಟುವುದೇ ಇಲ್ಲ.

ಸೊಪ್ಪು ಬಾಡಿದರೆ ಗೂಡು ಹಗುರ

ರೇಷ್ಮೆ ಹುಳು ಬೇರೆ ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರೆಲ್ಲ ಸೊಪ್ಪಿನಿಂದಲೇ ಬರಬೇಕು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ನಾಲ್ಕನೇ ಜ್ವರ ಎದ್ದ ಮೇಲಿನ ಕೊನೆಯ ದಿನಗಳಲ್ಲಿ ತಿನ್ನುತ್ತದೆ. ಆ ಸಮಯಕ್ಕೆ ಕೊಯ್ಯಬೇಕಾದ ತೋಟ ನೀರಿಲ್ಲದೆ ಬಿಗಿದು ಎಲೆ ಒರಟಾದರೆ ಹುಳು ಹೊಟ್ಟೆತುಂಬ ತಿನ್ನದು, ಗೂಡು ತೂಗದು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನಿಮ್ಮ ಲಾಟಿಗೆ ಬರುವ ಬೆಲೆ ಹುಳು ಮನೆಯಲ್ಲಿ ಮಾತ್ರವಲ್ಲ, ತೋಟದ ಕೊನೆಯ ಮಡಿಯಲ್ಲೂ ತೀರ್ಮಾನವಾಗುತ್ತದೆ.

ಹನಿ ನೀರಾವರಿ ಲೆಕ್ಕ

ಜೋಡಿ ಸಾಲು ಪದ್ಧತಿಯಲ್ಲಿ ಎರಡು ಸಾಲಿನ ನಡುವೆ 3 ಅಡಿ, ಜೋಡಿಯಿಂದ ಜೋಡಿಗೆ 5 ಅಡಿ, ಗಿಡದಿಂದ ಗಿಡಕ್ಕೆ 2 ಅಡಿ ಅಂತರ. ಎಕರೆಗೆ ಸುಮಾರು 5,600 ಗಿಡ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿ-1 ತಳಿಯನ್ನು ಈ ಅಂತರದಲ್ಲಿ ಬೆಳೆಯುವುದು ರೂಢಿ. ಪ್ರತಿ ಜೋಡಿಯ ನಡುವೆ ಒಂದೇ ಪೈಪು ಎಳೆದು ಎರಡು ಅಡಿಗೊಂದು ಡ್ರಿಪ್ಪರ್ ಇಟ್ಟರೆ ಎಕರೆಗೆ ಸುಮಾರು 2,800 ಡ್ರಿಪ್ಪರ್. ಒಂದೊಂದೂ ಗಂಟೆಗೆ 4 ಲೀಟರ್ ಕೊಡುವಂಥದ್ದಾದರೆ ಒಟ್ಟು 11,200 ಲೀಟರ್ ಬೇಕು. ನಮ್ಮ ಬಾವಿ ಕೊಡುವುದು 6,000. ಆದ್ದರಿಂದ ವಾಲ್ವ್ ಹಾಕಿ ಎಕರೆಯನ್ನು ಎರಡು ಭಾಗ ಮಾಡಿ, ಒಂದಾದ ಮೇಲೊಂದಕ್ಕೆ ಬಿಡಬೇಕು. ಈ ಲೆಕ್ಕ ಹಾಕದೆ ಇಡೀ ಎಕರೆಗೆ ಒಟ್ಟಿಗೆ ಬಿಟ್ಟವರ ತೋಟದಲ್ಲಿಯೇ ‘ಡ್ರಿಪ್ ಪ್ರಯೋಜನವಿಲ್ಲ’ ಎಂಬ ಮಾತು ಹುಟ್ಟುವುದು.

ಕಾಲುವೆಯಲ್ಲಿ ದಿನದ ಸರಾಸರಿ ಎಕರೆಗೆ 20,000 ಲೀಟರ್ ಆದರೆ, ಹನಿಯಲ್ಲಿ ಅದರ ಮೂರನೇ ಎರಡು ಪಾಲು, ಅಂದರೆ ಸುಮಾರು 13,000 ಲೀಟರ್ ಸಾಕಾಗುತ್ತದೆ. ಅರ್ಧ ಎಕರೆಯ ಒಂದು ಭಾಗಕ್ಕೆ ದಿನಕ್ಕೆ ಒಂದು ಗಂಟೆ ಹತ್ತು ನಿಮಿಷ. ಎರಡೆಕರೆಯ ನಾಲ್ಕೂ ಭಾಗಕ್ಕೆ ಸುಮಾರು ನಾಲ್ಕೂವರೆ ಗಂಟೆ. ಏಳು ಗಂಟೆಯ ವಿದ್ಯುತ್ತಿನಲ್ಲಿ ಎರಡೂವರೆ ಗಂಟೆ ಪಂಪಿಗೆ ವಿರಾಮ.

ಹಾಕಿಸಿದ ಮೇಲೆ ನೋಡಿಕೊಳ್ಳದಿದ್ದರೆ ಹನಿ ನಿಲ್ಲುತ್ತದೆ. ಫಿಲ್ಟರನ್ನು ತಪ್ಪದೆ ತೊಳೆಯಿರಿ. ವಾರಕ್ಕೊಮ್ಮೆ ಪೈಪುಗಳ ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೊರಹೋಗಲು ಬಿಡಿ. ಮೊದಲ ಸಾಲಿನ ಒಂದು ಡ್ರಿಪ್ಪರಿನ ಕೆಳಗೂ ಕೊನೆಯ ಸಾಲಿನ ಒಂದರ ಕೆಳಗೂ ಡಬ್ಬಿ ಇಡಿ. ಕಾಲು ಗಂಟೆಗೆ ಎರಡರಲ್ಲೂ ಒಂದೊಂದು ಲೀಟರ್ ಬಿದ್ದರೆ ಸರಿ. ಕೊನೆಯದರಲ್ಲಿ ಕಡಿಮೆಯಾದರೆ ಸೋರಿಕೆಯೋ, ಕಟ್ಟಿಕೊಂಡದ್ದೋ ಹುಡುಕಿ.

ಡ್ರಿಪ್ ಹಾಕಿಸಲಾಗದವರು

ಹಣ ಒದಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಾವಿಯಿಂದ ಮಡಿಯವರೆಗೆ ಮಣ್ಣಿನ ಕಾಲುವೆ ಬಿಟ್ಟು ಪೈಪಿನಲ್ಲಿ ನೀರು ಒಯ್ಯಿರಿ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಹಾಯಿಸಿ. ಮುಂದಿನ ಸರದಿಗೆ ಬಿಟ್ಟ ಸಾಲಿಗೆ ಕೊಡಿ. ಸಾಲಿನ ನಡುವೆ ಒಣ ಹುಲ್ಲು, ತರಗು ಹೊದಿಸಿ. ಹುಳು ತಿಂದುಳಿದ ಕಸವನ್ನು ಮಾತ್ರ ಹಸಿಯಾಗಿ ಹರಡಬೇಡಿ, ಅದರೊಡನೆ ರೋಗವೂ ತೋಟಕ್ಕೆ ಹೋಗುತ್ತದೆ. ಗುಂಡಿಯಲ್ಲಿ ಕೊಳೆಸಿಯೇ ಹಾಕಿ.

ತೆಂಗಿನ ತೋಟದವರು ಇಡೀ ತೋಟಕ್ಕೆ ಹಾಯಿಸುವುದನ್ನು ಬಿಟ್ಟು, ಬುಡದ ಸುತ್ತ ಆರಡಿ ದೂರದವರೆಗಿನ ಪಾತಿಗೆ ಮಾತ್ರ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 200 ಲೀಟರ್ ಕೊಟ್ಟರೆ ಸಾಕು.

ಹನಿ ನೀರಾವರಿಗೆ ಸರ್ಕಾರದ ಸಹಾಯಧನವಿದೆ. ಅದರ ನಿಯಮ ಕಾಲಕಾಲಕ್ಕೆ ಬದಲಾಗುವುದರಿಂದ ಸಾಮಾನು ಕೊಳ್ಳುವ ಮೊದಲೇ ಹತ್ತಿರದ ರೇಷ್ಮೆ ಇಲಾಖೆ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಮಾಗಡಿ ತಾಲ್ಲೂಕು ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಸಲಹೆ ಸಿಗುತ್ತದೆ.

ಉಳಿದ ನೀರನ್ನು ಏನು ಮಾಡುತ್ತೀರಿ?

ಕೊನೆಯದಾಗಿ ಒಂದು ಮಾತು. ಮೂರರಲ್ಲಿ ಒಂದು ಪಾಲು ನೀರು ಉಳಿಯಿತೆಂದು ಕೂಡಲೇ ಇನ್ನೊಂದು ಎಕರೆ ನೆಟ್ಟರೆ ಬಾವಿಗೆ ಏನೂ ಉಳಿಯದು. ಪಂಪು ಮತ್ತೆ ಏಳು ಗಂಟೆ ಓಡುತ್ತದೆ, ಬಿರುಕಿನ ನೀರು ಮತ್ತೆ ಇಳಿಯುತ್ತದೆ. ಪಕ್ಕದ ಜಮೀನಿನವನೂ ಅದೇ ಬಿರುಕಿನಿಂದ ನೀರೆತ್ತುತ್ತಿರಬಹುದು. ಕನಿಷ್ಠ ಎರಡು ಬೇಸಿಗೆ ಅಳತೆ ಬರೆದಿಟ್ಟು, ಮೇ ತಿಂಗಳಲ್ಲೂ ಡ್ರಮ್ಮು ತುಂಬುವ ಹೊತ್ತು ಹೆಚ್ಚಿಲ್ಲವೆಂದು ಕಂಡ ಮೇಲೆ ಮಾತ್ರ ತೋಟ ಹೆಚ್ಚಿಸುವ ಯೋಚನೆ ಮಾಡಿ.

ಈ ವಾರವೇ ಡ್ರಮ್ಮು ಇಟ್ಟು ಅಳೆಯಿರಿ. ಬಂದ ಲೆಕ್ಕವನ್ನು ಪಂಪಿನ ಮನೆಯ ಗೋಡೆಯ ಮೇಲೆ ತಾರೀಖಿನೊಡನೆ ಬರೆಯಿರಿ. ಮುಂದಿನ ಬಾವಿಗೆ ಜಾಗ ತೋರಿಸಲು ಯಾರನ್ನಾದರೂ ಕರೆಯುವ ಮೊದಲು ಆ ಗೋಡೆಯನ್ನೊಮ್ಮೆ ಓದಿ.